ಕಂಪ್ರೆಸರೇ ಇಲ್ಲದ ಫ್ರಿಜ್: ಹಳೇ ಕ್ಯಾಂಪರ್ ವ್ಯಾನ್‌ನವರು ಗ್ಯಾಸ್ ಕೇಳಿಕೊಂಡು ಅಂಗಡಿಗೆ ಬಂದರೆ ಏನು ಮಾಡಬೇಕು?

ಗೋಕರ್ಣ: ಮಳೆಗಾಲ ಮುಗಿದು ಸೀಸನ್ ಶುರುವಾದರೆ ನಮ್ಮ ಕಡೆ ರಸ್ತೆಯಲ್ಲಿ ವಿದೇಶಿ ನಂಬರ್ ಪ್ಲೇಟಿನ ಹಳೇ ವ್ಯಾನ್‌ಗಳು ಆಗೊಮ್ಮೆ ಈಗೊಮ್ಮೆ ಕಾಣುತ್ತವೆ. ಯುರೋಪಿನಿಂದ ಬಂದು, ಗೋವಾ, ಗೋಕರ್ಣ, ಹಂಪಿ ಅಂತ ಸುತ್ತುವವರು. ಒಳಗೇ ಹಾಸಿಗೆ, ಒಲೆ, ಸಿಂಕ್, ಫ್ರಿಜ್ ಎಲ್ಲ ಇರುತ್ತದೆ. ಇದಕ್ಕೆ ಕ್ಯಾಂಪರ್ ವ್ಯಾನ್ ಅಂತಾರೆ.

ಕಳೆದ ಸೀಸನ್‌ನಲ್ಲಿ ಅಂಥದ್ದೇ ಒಂದು ಜರ್ಮನಿಯ ವ್ಯಾನ್ ತೆಂಗಿನ ತೋಟದ ಹೋಂಸ್ಟೇ ಪಕ್ಕ ನಿಂತಿತ್ತು. 1980ರ ದಶಕದ ಫೋಕ್ಸ್‌ವ್ಯಾಗನ್. ವಯಸ್ಸಾದ ಗಂಡ ಹೆಂಡತಿ. ಫ್ರಿಜ್ ತಂಪಾಗ್ತಿಲ್ಲ ಅಂತ ಪೇಟೆಯಿಂದ ಫ್ರಿಜ್ ರಿಪೇರಿ ಮಾಡುವ ಅಣ್ಣನನ್ನು ಕರೆಸಿದ್ದರು. ಮಾತಾಡಿಸಲು ನನ್ನನ್ನು ಜೊತೆಗೆ ಕರೆದುಕೊಂಡು ಹೋದದ್ದು. ನನ್ನ ಇಂಗ್ಲಿಷ್ ಡಿಗ್ರಿ ಎರಡನೇ ವರ್ಷಕ್ಕೇ ನಿಂತದ್ದು, ಆದರೂ ಕೆಲಸ ನಡೀತದೆ. ಅಣ್ಣ ವ್ಯಾನಿನ ಹೊರಗಡೆ ಇದ್ದ ಜಾಲರಿ ಬಿಚ್ಚಿ ಟಾರ್ಚ್ ಹಾಕಿ ನೋಡಿದ. ಐದು ನಿಮಿಷ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಇದ್ರಲ್ಲಿ ಕಂಪ್ರೆಸರೇ ಇಲ್ವಲ್ಲ ಮಾರಾಯ! ಬರೀ ಕೊಳವೆ ಇದೆ. ಕೆಳಗೆ ಒಂದು ದೀಪ ಇಟ್ಟಂಗೆ ಇದೆ" ಅಂದ.

ಅವನು ಹೇಳಿದ್ದು ಸರಿಯಾಗೇ ಇತ್ತು. ಆ ಫ್ರಿಜ್ಜು ಓಡುವುದೇ ದೀಪದಿಂದ.

ಆದರೆ ಈ ಸುದ್ದಿ ಬರೀತಿರುವುದು ಫ್ರಿಜ್‌ಗಾಗಿ ಮಾತ್ರ ಅಲ್ಲ. ಅವತ್ತು ಸಂಜೆ ಅಲ್ಲಿ ಎರಡು ತಪ್ಪು ಆಗುವುದರಲ್ಲಿತ್ತು. ಒಂದು, ಅವರ ಖಾಲಿ ಜರ್ಮನ್ ಸಿಲಿಂಡರ್‌ಗೆ ನಮ್ಮ ಮನೆ ಸಿಲಿಂಡರ್‌ನಿಂದ ಗ್ಯಾಸ್ ತುಂಬಿಸಿ ಕೊಡ್ತೇನೆ ಅಂತ ಒಬ್ಬರು ಒಪ್ಪಿಕೊಂಡಿದ್ದರು. ಇನ್ನೊಂದು, ಹೋಟೆಲ್ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಹಾಕಿದರೆ ಫ್ರಿಜ್ ಜೋರು ಓಡಬಹುದು ಅಂತ ಇನ್ನೊಬ್ಬರು ಐಡಿಯಾ ಕೊಟ್ಟಿದ್ದರು. ಇಬ್ಬರದ್ದೂ ಒಳ್ಳೇ ಮನಸ್ಸೇ. ಆದರೆ ಇಂಥ ಒಳ್ಳೇ ಮನಸ್ಸಿನಿಂದಲೇ ವ್ಯಾನ್ ಸುಟ್ಟು ಹೋಗ್ತದೆ. ಹಾಗಾಗಿ ಗ್ಯಾಸ್ ಒಲೆ ರಿಪೇರಿಯವರು, ಹಾರ್ಡ್‌ವೇರ್ ಅಂಗಡಿಯವರು, ಹೋಂಸ್ಟೇ ನಡೆಸುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ.

ಬೆಂಕಿಯಿಂದ ತಂಪು ಹೇಗೆ?

ನಮ್ಮ ಮನೆ ಫ್ರಿಜ್‌ನಲ್ಲಿ ಕರೆಂಟ್ ಮೋಟರ್ ಇರುವ ಕಂಪ್ರೆಸರ್ ಅನಿಲವನ್ನು ಒತ್ತಿ ತಳ್ಳುತ್ತದೆ. ಗುರ್ ಅನ್ನುವ ಸದ್ದು ಅದರದ್ದೇ. ಹಳೇ ಕ್ಯಾಂಪರ್‌ನ ಫ್ರಿಜ್‌ನಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಅದರ ಹಿಂಬದಿಯ ಕಬ್ಬಿಣದ ಕೊಳವೆಗಳಲ್ಲಿ ನೀರು, ಅಮೋನಿಯಾ ಮತ್ತು ಜಲಜನಕ ತುಂಬಿ ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಕೆಳಗಡೆ ಒಂದು ಸಣ್ಣ ಗ್ಯಾಸ್ ಜ್ವಾಲೆ.

ಜ್ವಾಲೆ ಕೊಳವೆಯ ಬುಡ ಕಾಯಿಸಿದಾಗ ನೀರಿನಲ್ಲಿ ಕರಗಿದ್ದ ಅಮೋನಿಯಾ ಆವಿಯಾಗಿ ಮೇಲೇಳುತ್ತದೆ. ಫಿಲ್ಟರ್ ಕಾಫಿ ಪಾತ್ರೆಯಲ್ಲಿ ನೀರು ಕುದಿದು ಗುಳುಗುಳು ಅಂತ ಗುಳ್ಳೆ ಏಳುವ ಹಾಗೆ. ಮೇಲೆ ರೆಕ್ಕೆ ರೆಕ್ಕೆ ತಗಡು ಇರುವ ಜಾಗದಲ್ಲಿ ಅದು ಬಿಸಿ ಬಿಟ್ಟು ದ್ರವ ಆಗುತ್ತದೆ. ಆ ದ್ರವ ಇಳಿಜಾರಿನಲ್ಲಿ ತಾನಾಗೇ ಹರಿದು ಫ್ರಿಜ್ ಒಳಗಿನ ಕೊಳವೆಗೆ ಬರುತ್ತದೆ. ಅಲ್ಲಿ ಜಲಜನಕ ಕಾದಿರುತ್ತದೆ. ಜಲಜನಕದ ಜೊತೆ ಸೇರಿದಾಗ ಅಮೋನಿಯಾದ ಪಾಲಿನ ಒತ್ತಡ ಕಡಿಮೆಯಾಗಿ ಅದು ಬೇಗ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಬಿಸಿಯನ್ನು ಫ್ರಿಜ್ ಒಳಗಿನಿಂದಲೇ ಎಳೆದುಕೊಳ್ಳುತ್ತದೆ. ಸ್ಪಿರಿಟ್ ಕೈಗೆ ಹಚ್ಚಿದಾಗ ತಣ್ಣಗಾಗುವುದಿಲ್ಲವಾ, ಅದೇ ಲೆಕ್ಕ. ಆಮೇಲೆ ಈ ಮಿಶ್ರಣ ಭಾರವಾಗಿ ಕೆಳಗಿಳಿದಾಗ ನೀರು ಅಮೋನಿಯಾವನ್ನು ಮತ್ತೆ ಹೀರಿಕೊಳ್ಳುತ್ತದೆ, ಜಲಜನಕ ಹಗುರವಾಗಿ ಮೇಲೆ ಹೋಗುತ್ತದೆ. ಹೀಗೆ ಸುತ್ತು ನಡೀತಾ ಇರುತ್ತದೆ. ಪಂಪಿಲ್ಲ, ಸದ್ದಿಲ್ಲ.

ಪಾರ್ಶಿಯಲ್ ಪ್ರೆಶರ್ ಅಂತ ಕಾಲೇಜಲ್ಲಿ ಬೋರ್ಡ್ ಮೇಲೆ ಬರೆಸಿದ್ದರು. ಆಗ ತಲೆಗೆ ಹತ್ತಿರಲಿಲ್ಲ. ವ್ಯಾನ್ ಹಿಂದೆ ಟಾರ್ಚ್ ಹಿಡಿದು ಕೂತಾಗ ಹತ್ತಿತು.

ಇದನ್ನು 1922ರಲ್ಲಿ ಕಂಡುಹಿಡಿದವರು ಸ್ವೀಡನ್ನಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಾಲ್ಟ್‌ಜರ್ ಫಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್. ಎಲೆಕ್ಟ್ರೋಲಕ್ಸ್ ಕಂಪನಿ 1925ರಲ್ಲಿ ಮಾರಾಟಕ್ಕೆ ತಂದಿತು. ವ್ಯಾನ್‌ಗಳಲ್ಲಿ ಹೆಚ್ಚಾಗಿ ಕಾಣುವ ಡೊಮೆಟಿಕ್ ಎಂಬ ಹೆಸರೂ ಆ ಕಂಪನಿಯ ಬೇರಿನದ್ದೇ. ನಮಗೆ ಇದು ಪೂರ್ತಿ ಹೊಸದೇನಲ್ಲ. ಕರೆಂಟ್ ಇಲ್ಲದ ಹಳ್ಳಿ ಆಸ್ಪತ್ರೆಗಳಲ್ಲಿ ಲಸಿಕೆ ಇಡಲು ಸೀಮೆಎಣ್ಣೆ ಫ್ರಿಜ್ ಅಂತ ಇರುತ್ತಿತ್ತು. ಅದೂ ಇದೇ ಜಾತಿ. ದೊಡ್ಡ ಲಾಡ್ಜ್‌ಗಳ ರೂಮಿನಲ್ಲಿ ಸದ್ದೇ ಮಾಡದ ಪುಟ್ಟ ಫ್ರಿಜ್ ಇರುತ್ತದಲ್ಲ, ಅದರಲ್ಲೂ ಬಹಳಷ್ಟು ಇದೇ ಥರದ್ದು, ಜ್ವಾಲೆ ಬದಲು ಕರೆಂಟ್ ಕಾಯಿಲ್ ಅಷ್ಟೇ.

ವ್ಯಾನ್ ಫ್ರಿಜ್ ಮೂರು ಥರ ಓಡುತ್ತದೆ: ಗ್ಯಾಸ್, ಗಾಡಿಯ 12 ವೋಲ್ಟ್, ಮನೆಯ 230 ವೋಲ್ಟ್. ಮೂರೂ ಮಾಡುವ ಕೆಲಸ ಒಂದೇ, ಬುಡ ಕಾಯಿಸುವುದು. ಗಾಡಿ ಓಡುವಾಗ ಮಾತ್ರ 12 ವೋಲ್ಟ್. ಯಾಕೆಂದರೆ ಅದು 80ರಿಂದ 100 ವ್ಯಾಟ್ ಎಳೆಯುತ್ತದೆ, ಅಂದರೆ ಏಳೆಂಟು ಆಂಪಿಯರ್. ಎಂಜಿನ್ ಆಫ್ ಮಾಡಿ ಹಾಗೇ ಬಿಟ್ಟರೆ ಬೆಳಿಗ್ಗೆ ಸ್ಟಾರ್ಟ್ ಹೊಡೆಯಲು ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ. ನಿಂತಾಗ ಗ್ಯಾಸ್. ಪೆಟ್ರೋಲ್ ಬಂಕಿಗೆ ಹೋಗುವ ಮೊದಲೇ ಗ್ಯಾಸ್ ಜ್ವಾಲೆ ಆರಿಸಲೇಬೇಕು. ಅದು ಗಾಡಿಯ ಹೊಟ್ಟೆಯಲ್ಲಿ ಉರಿಯುತ್ತಿರುವ ಬೆಂಕಿ ಅನ್ನುವುದು ಬಂಕಿನ ಹುಡುಗರಿಗೆ ಗೊತ್ತಿರುವುದಿಲ್ಲ, ಕೆಲವೊಮ್ಮೆ ಓನರ್‌ಗೇ ನೆನಪಿರುವುದಿಲ್ಲ. ಗ್ಯಾಸ್ ಖರ್ಚು ಜಾಸ್ತಿಯಿಲ್ಲ, ದಿನಕ್ಕೆ ಸುಮಾರು 200ರಿಂದ 300 ಗ್ರಾಂ.

ತಂಪಾಗದಿದ್ದರೆ ಮೊದಲು ನೋಡುವುದು ನೆಲ

ದ್ರವ ಇಳಿಜಾರಿನಲ್ಲಿ ತಾನಾಗೇ ಹರಿಯಬೇಕು ಅಂದೆನಲ್ಲ. ಗಾಡಿ ವಾಲಿಕೊಂಡು ನಿಂತಿದ್ದರೆ ಅದು ಹರಿಯುವುದಿಲ್ಲ. ಹಳೇ ಮಾಡೆಲ್‌ಗಳಿಗೆ ಎರಡು ಮೂರು ಡಿಗ್ರಿ ವಾಲಿದರೂ ಆಗುವುದಿಲ್ಲ. ಗಾರೆ ಕೆಲಸದವರ ಮಟ್ಟಗೋಲು ತಂದು ಫ್ರಿಜ್ ಒಳಗಿನ ತಟ್ಟೆ ಮೇಲಿಟ್ಟು ನೋಡಿ. ಮಟ್ಟಗೋಲು ಇಲ್ಲದಿದ್ದರೆ ಒಂದು ಲೋಟದಲ್ಲಿ ತುಂಬಾ ನೀರು ಇಟ್ಟರೂ ಗೊತ್ತಾಗುತ್ತದೆ. ಅವತ್ತಿನ ವ್ಯಾನ್ ತೋಟದ ಇಳಿಜಾರಿನಲ್ಲಿ ಒಂದು ಚಕ್ರ ತಗ್ಗಿಗೆ ಹಾಕಿ ನಿಂತಿತ್ತು. ಎರಡು ಚಿರೆಕಲ್ಲು ಕೊಟ್ಟು ಎಬ್ಬಿಸಿದೆವು.

ವಾಲಿಸಿಕೊಂಡೇ ತುಂಬಾ ಹೊತ್ತು ಓಡಿಸಿದರೆ ಬರೀ ತಂಪಾಗದೆ ಇರುವುದಲ್ಲ, ಕೊಳವೆಯೇ ಹಾಳಾಗುತ್ತದೆ. ತುಕ್ಕು ಹಿಡಿಯದಿರಲು ಒಳಗೆ ಸೋಡಿಯಂ ಕ್ರೋಮೇಟ್ ಎಂಬ ಉಪ್ಪು ಹಾಕಿರುತ್ತಾರೆ. ಬುಡ ಅತಿಯಾಗಿ ಕಾದರೆ ಅದು ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ರಿಪೇರಿ ಇಲ್ಲ. ಹಿಂಬದಿಯಲ್ಲಿ ಹಳದಿ ಕಲೆ, ಮೂಗು ಮುಚ್ಚಿಸುವ ಅಮೋನಿಯಾ ವಾಸನೆ ಇದ್ದರೆ ಕೊಳವೆ ಒಡೆದಿದೆ ಅಂತ ಅರ್ಥ. ಆಗ ಜ್ವಾಲೆ ಆರಿಸಿ, ಬಾಗಿಲು ತೆಗೆದು, ದೂರ ನಿಲ್ಲಿ. "ಗ್ಯಾಸ್ ಚಾರ್ಜ್ ಮಾಡಿಕೊಡ್ತೇನೆ" ಅಂತ ನಮ್ಮ ಫ್ರಿಜ್ ಮೆಕ್ಯಾನಿಕ್‌ಗಳು ದಯವಿಟ್ಟು ಕೈ ಹಾಕಬೇಡಿ. ನೀವು ದಿನಾ ತುಂಬುವ ಗ್ಯಾಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಕೊಳವೆಯೊಳಗೆ ಭಾರೀ ಒತ್ತಡ ಇರುತ್ತದೆ.

ಎರಡನೇದು ಗಾಳಿ. ಹೊರಗಡೆ ಕೆಳಗೊಂದು ಮೇಲೊಂದು ಜಾಲರಿ ಇರುತ್ತವೆ. ಕೆಳಗಿಂದ ತಣ್ಣನೆ ಗಾಳಿ ಹೋಗಿ ಮೇಲಿಂದ ಬಿಸಿ ಗಾಳಿ ಬರಬೇಕು. ಅಲ್ಲಿ ಕಣಜದ ಗೂಡು, ಜೇಡರ ಬಲೆ, ಪಾಕಿಸ್ತಾನದ ಧೂಳು ಎಲ್ಲ ಸಿಕ್ಕಿತು ನಮಗೆ. ಇನ್ನೊಂದು ವಿಷಯ, ಈ ಫ್ರಿಜ್ಜು ಹೊರಗಿನ ಸೆಕೆಗಿಂತ ಸುಮಾರು 20ರಿಂದ 25 ಡಿಗ್ರಿ ಕೆಳಗೆ ಇಳಿಸಬಹುದು, ಅಷ್ಟೇ. ಜರ್ಮನಿಯ 20 ಡಿಗ್ರಿಯಲ್ಲಿ ಹಾಲು ಗಡ್ಡೆ ಕಟ್ಟುವಷ್ಟು ತಂಪು. ನಮ್ಮ ಮಾರ್ಚ್ ಮಧ್ಯಾಹ್ನ 35 ಡಿಗ್ರಿಗೆ ಹೋದಾಗ ಒಳಗೆ 10, 12 ಇದ್ದರೆ ಅದು ಕೆಟ್ಟಿಲ್ಲ, ಅದರ ಶಕ್ತಿ ಅಷ್ಟೇ. ಗಾಡಿಯ ಆ ಬದಿಯನ್ನು ನೆರಳಿಗೆ ತಿರುಗಿಸಿ ನಿಲ್ಲಿಸಿದರೆ ಎಷ್ಟೋ ಉಪಕಾರ. ಹಚ್ಚಿದ ಮೇಲೆ ನಾಲ್ಕೈದು ತಾಸಾದರೂ ಕಾಯಬೇಕು, ಅರ್ಧ ಗಂಟೆಗೆ ತೆಗೆದು ತೆಗೆದು ನೋಡಿದರೆ ಎಂದೂ ತಂಪಾಗುವುದಿಲ್ಲ.

ಜ್ವಾಲೆ ಹೇಗಿದೆ ಅನ್ನುವುದನ್ನೂ ನೋಡಬೇಕು. ಫ್ರಿಜ್ಜಿನ ಒಳಗೆ ಕೆಳಗಡೆ ಇದಕ್ಕಾಗಿಯೇ ಸಣ್ಣ ಗಾಜಿನ ಕಿಂಡಿ ಇರುತ್ತದೆ. ನೀಲಿ ಇದ್ದರೆ ಸರಿ. ಹಳದಿಯಾಗಿ ಮಸಿ ಬಿಡುತ್ತಿದ್ದರೆ ಗಾಳಿ ಸಾಲದು ಅಥವಾ ಚಿಮಣಿ ಕಟ್ಟಿದೆ. ಚಿಮಣಿಯ ತುಕ್ಕು ಉದುರಿ ಬರ್ನರ್ ಮೇಲೆ ಬೀಳುವುದು ಹಳೇ ಗಾಡಿಗಳಲ್ಲಿ ಮಾಮೂಲು, ಉಪ್ಪುಗಾಳಿಯಲ್ಲಿ ಇನ್ನೂ ಜಾಸ್ತಿ. ಗ್ಯಾಸ್ ಬಂದ್ ಮಾಡಿ, ತಣ್ಣಗಾದ ಮೇಲೆ ಬ್ರಷ್ ಹಾಕಿ ತೆಗೆಯಬೇಕು. ಜೆಟ್ಟಿನ ತೂತು ಕೂದಲಷ್ಟು ಸಣ್ಣದು. ಸೀಮೆಎಣ್ಣೆ ಸ್ಟೌಗೆ ಹಾಕುತ್ತಿದ್ದ ಪಿನ್ನು ಹಾಕಿದರೆ ತೂತು ದೊಡ್ಡದಾಗಿ ಜ್ವಾಲೆ ಕೆಡುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿ ಊದಿ. ನಾಬ್ ಒತ್ತಿ ಹಿಡಿದಾಗ ಉರಿದು, ಬಿಟ್ಟ ಕೂಡಲೇ ಆರಿ ಹೋದರೆ ಥರ್ಮೋಕಪಲ್ ಅನ್ನುವ ತಂತಿಯ ಸಮಸ್ಯೆ. ಜ್ವಾಲೆ ಇಲ್ಲದಾಗ ಗ್ಯಾಸ್ ಬಂದ್ ಮಾಡುವುದು ಅದರ ಕೆಲಸ. ಕಿರಿಕಿರಿ ಅಂತ ಅದನ್ನು ತಪ್ಪಿಸಿ ಜೋಡಿಸುವವರೂ ಇದ್ದಾರೆ. ಆಗ ರಾತ್ರಿ ಗಾಳಿಗೆ ಜ್ವಾಲೆ ಆರಿದರೆ ಬೆಳಗಿನ ತನಕ ಗ್ಯಾಸ್ ಹೊರಗೆ ಬರುತ್ತಲೇ ಇರುತ್ತದೆ.

30 ಮತ್ತು 50ರ ವ್ಯತ್ಯಾಸ

ಮಟ್ಟ ಸರಿ ಮಾಡಿದೆವು, ಜಾಲರಿ ತೊಳೆದೆವು, ಜ್ವಾಲೆ ನೀಲಿಯೇ ಇತ್ತು. ಆದರೂ ಫ್ರಿಜ್ ಬರೀ ಸ್ವಲ್ಪ ತಂಪು. ಆಗ ಅಣ್ಣನಿಗೆ ಕಂಡದ್ದು ಫ್ರಿಜ್ ಬಾಗಿಲ ಪಕ್ಕ ಮಾಸಿ ಹೋದ ಒಂದು ಚೀಟಿ: 50 ಮಿಲಿಬಾರ್.

ಇದು ಗ್ಯಾಸ್ ಎಷ್ಟು ಒತ್ತಡದಲ್ಲಿ ಬರಬೇಕು ಅನ್ನುವ ಲೆಕ್ಕ. ನಮ್ಮ ದೇಶದ ಮನೆ ಸಿಲಿಂಡರ್ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಕೊಡುತ್ತದೆ. ಜರ್ಮನಿಯ ಹಳೇ ಕ್ಯಾಂಪರ್‌ಗಳು 50ರದ್ದು. ಇಂಗ್ಲೆಂಡಿನ ಹಳೇ ಗಾಡಿಗಳಲ್ಲಿ ಬ್ಯೂಟೇನ್‌ಗೆ 28, ಪ್ರೊಪೇನ್‌ಗೆ 37 ಅಂತ ಇತ್ತು. ಈಚಿನ ಯುರೋಪ್ ಗಾಡಿಗಳೆಲ್ಲ 30ಕ್ಕೆ ಬಂದಿವೆ. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಈ ವ್ಯಾನ್‌ಗೆ ನಮ್ಮ ಮನೆ ರೆಗ್ಯುಲೇಟರ್ ಹಾಕಿ ಕೊಟ್ಟಿದ್ದರು. 50 ಬೇಕಾದಲ್ಲಿ 30 ಕೊಟ್ಟರೆ ಜ್ವಾಲೆಯ ಶಾಖ ಸುಮಾರು ಮುಕ್ಕಾಲಿಗೆ ಇಳಿಯುತ್ತದೆ. ಒಲೆಯಾದರೆ ಚಹಾ ಎರಡು ನಿಮಿಷ ತಡ. ಫ್ರಿಜ್ಜಾದರೆ ಅಮೋನಿಯಾವನ್ನು ಮೇಲಕ್ಕೆತ್ತಲು ಬೇಕಾದಷ್ಟು ಕುದಿಯೇ ಬರುವುದಿಲ್ಲ.

ಹೈ ಪ್ರೆಶರ್ ರೆಗ್ಯುಲೇಟರ್ ಐಡಿಯಾ ಹುಟ್ಟಿದ್ದು ಇಲ್ಲೇ. ಹೋಟೆಲ್ ಬರ್ನರ್‌ಗೆ ಹಾಕುವ ಆ ತಿರುಪಿನ ರೆಗ್ಯುಲೇಟರ್ ಸಾವಿರ ಮಿಲಿಬಾರ್ ದಾಟಿಯೂ ಕೊಡಬಲ್ಲದು. 50ಕ್ಕೆ ಮಾಡಿದ ನಲವತ್ತು ವರ್ಷ ಹಳೇ ನಲ್ಲಿ, ವಾಷರ್, ಜೋಡಣೆಗಳಿಗೆ ಅದನ್ನು ಕೊಟ್ಟರೆ ಎಲ್ಲಿ ಬಿಡುತ್ತದೆ ಅಂತ ಹೇಳಲು ಆಗುವುದಿಲ್ಲ. ಹಾಸಿಗೆ ಕೆಳಗೂ ಬಿಡಬಹುದು. ಸ್ವಲ್ಪ ತಿರುಗಿಸಿ 50ಕ್ಕೆ ನಿಲ್ಲಿಸ್ತೇನೆ ಅನ್ನುವುದಕ್ಕೆ ಅದರಲ್ಲಿ ಗುರುತೂ ಇಲ್ಲ. ಹಾರ್ಡ್‌ವೇರ್ ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ: ವ್ಯಾನ್‌ಗೆ ಅಂತ ಕೇಳಿಕೊಂಡು ಬಂದರೆ ಅದನ್ನು ಮಾರಬೇಡಿ.

ಸಿಲಿಂಡರ್ ತುಂಬಿಸಿ ಕೊಡುವವರಿಗೆ

ಇದರಲ್ಲಿ ನಾನು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ವಿದೇಶಿ ಸಿಲಿಂಡರ್ ನಮ್ಮ ಗ್ಯಾಸ್ ಏಜೆನ್ಸಿಯಲ್ಲಿ ತುಂಬುವುದಿಲ್ಲ, ವಾಲ್ವೇ ಬೇರೆ. ಹಾಗಾಗಿ ಅವರು ಊರಲ್ಲಿ ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತಾರೆ. ಯಾರಾದರೂ ಸಿಕ್ಕೇ ಸಿಗುತ್ತಾರೆ. ಮನೆ ಸಿಲಿಂಡರ್ ತಲೆಕೆಳಗೆ ಮಾಡಿ ಪೈಪ್ ಹಾಕಿ ಸುರಿಯುವುದು.

ಸಿಲಿಂಡರ್‌ನಲ್ಲಿ ದ್ರವ ಪೂರ್ತಿ ತುಂಬಬಾರದು, 80ರಿಂದ 85 ಭಾಗ ಮಾತ್ರ. ಬಿಸಿಯಾದಾಗ ದ್ರವ ಹಿಗ್ಗಲು ಜಾಗ ಬೇಕು. ಪ್ಲಾಂಟಿನಲ್ಲಿ ಇದನ್ನು ತೂಕ ಹಾಕಿ ನೋಡುತ್ತಾರೆ. ಅಂಗಡಿ ಹಿಂದೆ ಸುರಿಯುವವರಿಗೆ ನಿಂತಾಗಲೇ ಲೆಕ್ಕ. ಕಂಠಮಟ್ಟ ತುಂಬಿದ ಸಿಲಿಂಡರ್ ಮುಚ್ಚಿದ ವ್ಯಾನಿನಲ್ಲಿ ಬಿಸಿಲಿಗೆ ನಿಂತರೆ ಕಬ್ಬಿಣಕ್ಕೂ ತಡೆಯಲಾಗದ ಒತ್ತಡ ಬರುತ್ತದೆ. ಸುರಿಯುವಾಗ ಚೆಲ್ಲುವುದು ಬೇರೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಕಾನೂನೂ ಸ್ಪಷ್ಟ ಇದೆ. ಒಂದು ಸಿಲಿಂಡರ್‌ನಿಂದ ಇನ್ನೊಂದಕ್ಕೆ ಹೀಗೆ ಗ್ಯಾಸ್ ವರ್ಗಾಯಿಸುವುದನ್ನೂ, ಮನೆ ಗ್ಯಾಸನ್ನು ಬೇರೆ ಕೆಲಸಕ್ಕೆ ಬಳಸುವುದನ್ನೂ 2000ನೇ ಇಸವಿಯ ಎಲ್‌ಪಿಜಿ ಸರಬರಾಜು ಆದೇಶ ನಿಷೇಧಿಸುತ್ತದೆ. ಕೇಸ್ ಬೀಳುವುದು ಅಗತ್ಯ ವಸ್ತುಗಳ ಕಾಯ್ದೆಯಲ್ಲಿ. 2016ರ ಗ್ಯಾಸ್ ಸಿಲಿಂಡರ್ ನಿಯಮದ ಪ್ರಕಾರ ಒಪ್ಪಿಗೆ ಇಲ್ಲದ ಸಿಲಿಂಡರ್ ತುಂಬಿಸುವಂತಿಲ್ಲ. ವ್ಯಾನಿನವರು ನಾಳೆ ಹಂಪಿಗೆ ಹೋಗಿರುತ್ತಾರೆ, ಠಾಣೆಗೆ ಹೋಗುವವರು ನೀವು.

ಹಾಗಾದರೆ ಅವರಿಗೆ ಏನು ಹೇಳಬೇಕು? ಗ್ಯಾಸ್ ಏಜೆನ್ಸಿಗಳಲ್ಲಿ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಕನೆಕ್ಷನ್ ಇಲ್ಲದೆಯೂ ಸಿಗುತ್ತದೆ. ಇಂಡೇನ್‌ನವರು ಅದಕ್ಕೆ ಛೋಟು ಅಂತ ಹೆಸರಿಟ್ಟಿದ್ದಾರೆ. ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ದಾಖಲೆ ಸಾಕು. ಅಲ್ಲಿಗೆ ಕಳಿಸಿ. ತಗೊಳ್ಳುವಾಗ ಸಿಲಿಂಡರ್ ಕತ್ತಿನ ಪಟ್ಟಿಯ ಮೇಲಿನ ಅಕ್ಷರ ನೋಡಲು ಹೇಳಿ: ಎ ಅಂದರೆ ಮಾರ್ಚ್ ತನಕ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಪಕ್ಕದ ಅಂಕಿ ವರ್ಷ. ಆ ತಾರೀಕು ದಾಟಿದ್ದರೆ ಪರೀಕ್ಷೆ ಬಾಕಿ ಇದೆ ಅಂತ, ತಗೊಳ್ಳಬಾರದು. ಇದು ನಿಮ್ಮ ಮನೆ ಸಿಲಿಂಡರ್‌ಗೂ ಅನ್ವಯಿಸುತ್ತದೆ, ಎಷ್ಟು ಜನ ನೋಡುತ್ತೇವೆ?

ನೆಲದ ತೂತು ಮುಚ್ಚಬೇಡಿ

ಕೊನೆಗೆ ಕಂಡ ಒಂದು ಸಂಗತಿ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಒಂದು ತೂತು ಇತ್ತು. ಸೊಳ್ಳೆ ಬರುತ್ತದೆ ಅಂತ ಆ ಅಮ್ಮ ಅದಕ್ಕೆ ಬಟ್ಟೆ ತುರುಕಿದ್ದರು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ನೀರಿನ ಹಾಗೆ ನೆಲಕ್ಕಿಳಿದು ನಿಲ್ಲುತ್ತದೆ. ಹೊರಗೆ ಹರಿದು ಹೋಗಲಿ ಅಂತಲೇ ಆ ತೂತು ಇಟ್ಟದ್ದು. ಬಟ್ಟೆ ತೆಗೆಸಿ ಸಣ್ಣ ತಂತಿ ಜಾಲರಿ ಹಾಕಿದೆವು. ಸೋಪಿನ ನೊರೆ ಹಚ್ಚಿ ನೋಡಿದಾಗ ಒಂದು ಜೋಡಣೆಯಲ್ಲಿ ಗುಳ್ಳೆ ಬಂತು. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಕೆಲವರಿಗಿದೆ, ಅದನ್ನು ಬಿಡಿ.

ಫ್ರಿಜ್ ಹಿಂಬದಿಗೂ ವ್ಯಾನಿನ ಒಳಗೂ ನಡುವೆ ಇರುವ ರಬ್ಬರ್ ಪಟ್ಟಿ ಹರಿದಿದ್ದರೆ ಹೊಗೆ ಒಳಗೆ ಬರುತ್ತದೆ. ಹಳದಿ ಜ್ವಾಲೆಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆಯೇ ಇಲ್ಲ. ಕಿಟಕಿ ಮುಚ್ಚಿ ಮಲಗಿದವರು ತಲೆನೋವು ಅಂದುಕೊಂಡು ಮಲಗೇ ಇರುತ್ತಾರೆ.

ವಿದೇಶಿಯರ ವಿಷಯ ನಮಗೇಕೆ ಅನ್ನುವವರು ಹೆದ್ದಾರಿ ಬದಿಯ ನಮ್ಮದೇ ತಿಂಡಿ ಗಾಡಿಗಳನ್ನು ಒಮ್ಮೆ ನೋಡಿ. ಓಮ್ನಿ, ಟೆಂಪೋಗಳ ಒಳಗೇ ಸಿಲಿಂಡರ್, ಪಕ್ಕದಲ್ಲೇ ಬಾಣಲೆ. ನೆಲಕ್ಕೆ ತಗಡು ಹೊಡೆದು ಒಂದು ತೂತೂ ಇಲ್ಲದಂತೆ ಮುಚ್ಚಿರುತ್ತಾರೆ, ಇಲಿ ಬರಬಾರದು ಅಂತ. ಕೇಸರಿ ಬಣ್ಣದ ಸುರಕ್ಷಾ ಪೈಪ್ ಐದು ವರ್ಷಕ್ಕೆ ಬದಲಿಸಬೇಕು, ಹಾಕಿದ ವರ್ಷವೇ ನೆನಪಿಲ್ಲದವರು ಇದ್ದಾರೆ. ಗ್ಯಾಸ್ ಸೋರಿಕೆಯ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ವಾಲ್ವ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಆ ಜರ್ಮನ್ ದಂಪತಿ ಕೊನೆಗೆ ವ್ಯಾನಿನ ಗ್ಯಾಸ್ ಲೈನ್ ಪೂರ್ತಿ ಬಂದ್ ಮಾಡಿದರು. 5 ಕೆ.ಜಿ. ಸಿಲಿಂಡರ್, ಒಂದು ಬರ್ನರಿನ ಒಲೆ ತಗೊಂಡು ತೆಂಗಿನ ಮರದ ಕೆಳಗೆ ಅಡುಗೆ. ರಾತ್ರಿ ಹೋಂಸ್ಟೇಯಿಂದ ವೈರ್ ಎಳೆದು ಫ್ರಿಜ್ಜನ್ನು 230 ವೋಲ್ಟ್‌ಗೆ ಹಾಕಿದಾಗ ಬೆಳಿಗ್ಗೆ ಒಳಗೆ 8 ಡಿಗ್ರಿ ಇತ್ತು, ಅಂದರೆ ಕೊಳವೆ ಗಟ್ಟಿ ಇದೆ. ಹಗಲು ದಾರಿಯಲ್ಲಿ ನಿಂತಾಗ ಏನು ಮಾಡ್ತೀರಿ ಅಂತ ಕೇಳಿದೆ. ಹೊರಡುವ ದಿನ ತದಡಿಯಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿಸಿಕೊಂಡು ಬಂದಿದ್ದರು, ಮೀನಿನವರು ತುಂಬಿಸುವ ಹಾಗೇ. ಅಣ್ಣ ದುಡ್ಡು ಬೇಡ ಅಂದ. "ರಿಪೇರಿ ಮಾಡಿದ್ದು ಏನಿದೆ, ಎರಡು ಕಲ್ಲು ಇಟ್ಟದ್ದು" ಅಂತ.